ಉದ್ಯೋಗ ತರಬೇತಿಗೆ ಹಣ ಕೊಡುವ ಮೊದಲು: ಪುರಾವೆ ಕೇಳುವುದು ಹೇಗೆ?

ಉದ್ಯೋಗ ತರಬೇತಿ ಕೊಡುವ ಸಂಸ್ಥೆಗಳ ವರದಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮುಖಪುಟದಲ್ಲಿ ಸರ್ಟಿಫಿಕೇಟ್ ಹಿಡಿದ ನಗುಮುಖಗಳು. ಒಳಗೆ ದಪ್ಪಕ್ಷರದಲ್ಲಿ ‘ಶೇ 80 ಪ್ಲೇಸ್‌ಮೆಂಟ್’. ಆ ಸಂಖ್ಯೆ ಸುಳ್ಳೇ ಆಗಿರಬೇಕು ಅಂತಿಲ್ಲ. ಆದರೆ ಅದೊಂದನ್ನೇ ನೋಡಿ ಹಣ ಕೊಟ್ಟರೆ, ಹೇಗಿದ್ದರೂ ಕೆಲಸ ಸಿಗುತ್ತಿದ್ದವರಿಗೆ ಕೆಲಸ ಸಿಕ್ಕಿದ್ದಕ್ಕೆ ನೀವು ಬಿಲ್ ಕಟ್ಟಿದಂತಾಗಬಹುದು.

ಟ್ರಸ್ಟ್‌ನಲ್ಲಿ ಕೂತು ಅರ್ಜಿ ನೋಡುವವರು, ಕಂಪನಿಯ ಸಮಾಜಸೇವಾ ನಿಧಿ ಹಂಚುವವರು, ಸರ್ಕಾರಿ ಇಲಾಖೆಯಲ್ಲಿ ಅನುದಾನದ ಕಡತ ಹಿಡಿದವರು, ಇಂಥವರಿಗಾಗಿ ಈ ಬರಹ. ಸಂಖ್ಯಾಶಾಸ್ತ್ರ ಓದಿರಬೇಕಿಲ್ಲ. ಕೂಡು, ಕಳೆ, ಭಾಗಿಸು ಬಂದರೆ ಸಾಕು. ಜೊತೆಗೆ ಸ್ವಲ್ಪ ಮೊಂಡುತನ ಬೇಕು, ಯಾಕಂದ್ರೆ ಇಲ್ಲಿ ಹೇಳುವ ಕೆಲವು ಪ್ರಶ್ನೆಗಳನ್ನು ಕೇಳಿದರೆ ಸಭೆಯಲ್ಲಿ ಮುಜುಗರ ಆಗುತ್ತದೆ.

1. ಏನು ಬದಲಾಗಬೇಕು ಅಂತ ಮೊದಲೇ ಬರೆದಿಡಿ

‘ಯುವಕರನ್ನು ಸಬಲರನ್ನಾಗಿಸುವುದು’ ಗುರಿ ಅಲ್ಲ, ಭಾಷಣ. ಗುರಿ ಅಂದರೆ ಅಳೆಯಲು ಬರುವಂಥದ್ದು. ‘ಸೇರಿದವರಲ್ಲಿ ಎಷ್ಟು ಜನ, ತರಬೇತಿ ಮುಗಿದ ಒಂದು ವರ್ಷದ ನಂತರ, ಸಂಬಳದ ಕೆಲಸದಲ್ಲಿದ್ದಾರೆ? ಅವರ ತಿಂಗಳ ಗಳಿಕೆ ಎಷ್ಟು?’ ಹೀಗೆ.

ಇದರಲ್ಲಿ ಮೂರು ವಿಷಯ ಅಡಗಿವೆ. ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವಾಗ ಅಳೆಯಬೇಕು, ಏನನ್ನು ಅಳೆಯಬೇಕು. ಹಣ ಬಿಡುಗಡೆ ಆದಮೇಲೆ ಇದನ್ನು ನಿರ್ಧರಿಸಲು ಹೊರಟರೆ ಚೆನ್ನಾಗಿ ಕಾಣುವ ಅಳತೆಯೇ ಗೆಲ್ಲುತ್ತದೆ. ನೂರು ಗಂಟೆ ಪಾಠ, ಶೇ 95 ಹಾಜರಾತಿ, ಇಷ್ಟು ಸರ್ಟಿಫಿಕೇಟ್... ಇವೆಲ್ಲ ಕೆಲಸ ನಡೆದಿದೆ ಅನ್ನುವುದಕ್ಕೆ ಗುರುತು, ಅಷ್ಟೇ. ಯಾರ ಬದುಕಾದರೂ ಬದಲಾಯಿತಾ ಅನ್ನುವುದು ಬೇರೆ ಮಾತು.

2. ‘ಶೇ 80’ ಅನ್ನು ಬಿಡಿಸಿ ನೋಡಿ

ಒಂದು ಕಾಲ್ಪನಿಕ ವರದಿ ತೆಗೆದುಕೊಳ್ಳೋಣ. ಸೇರಿದವರು 200. ಪೂರ್ತಿ ಮುಗಿಸಿದವರು 140. ಆಮೇಲೆ ಫೋನಿಗೆ ಸಿಕ್ಕವರು 112. ಅವರಲ್ಲಿ ಆಫರ್ ಲೆಟರ್ ಬಂದಿದೆ ಅಂದವರು 90. ಸಂಸ್ಥೆ 90ನ್ನು 112ರಿಂದ ಭಾಗಿಸುತ್ತದೆ. ಬಂತಲ್ಲ, ಶೇ 80!

ಈಗ ಅದೇ 90ನ್ನು 200ರಿಂದ ಭಾಗಿಸಿ. ಶೇ 45. ಇನ್ನೂ ಮುಂದೆ ಹೋಗಿ ಕೇಳಿ: ಆಫರ್ ಬಂದವರಲ್ಲಿ ಎಷ್ಟು ಜನ ಕೆಲಸಕ್ಕೆ ಸೇರಿದರು, ಆರು ತಿಂಗಳಾದ ಮೇಲೆ ಎಷ್ಟು ಜನ ಉಳಿದಿದ್ದಾರೆ? ಉತ್ತರ 58 ಅಂತ ಇಟ್ಟುಕೊಂಡರೆ ಸೇರಿದವರ ಲೆಕ್ಕದಲ್ಲಿ ಅದು ಶೇ 29. ಒಂದೇ ಬ್ಯಾಚು, ಒಂದೇ ಮಕ್ಕಳು. ಯಾರೂ ಸುಳ್ಳು ಹೇಳಿಲ್ಲ. ಯಾವ ಸಂಖ್ಯೆಯಿಂದ ಭಾಗಿಸಬೇಕು ಅನ್ನುವುದನ್ನು ಅವರಿಗೆ ಬೇಕಾದಂತೆ ಆರಿಸಿಕೊಂಡಿದ್ದಾರೆ, ಅಷ್ಟೇ.

ಅದಕ್ಕೇ ಅರ್ಜಿ ನಮೂನೆಯಲ್ಲೇ ಐದು ಸಾಲಿನ ಒಂದು ಕೋಷ್ಟಕ ಹಾಕಿ: ಸೇರಿದವರು, ಮುಗಿಸಿದವರು, ಸಂಪರ್ಕಕ್ಕೆ ಸಿಕ್ಕವರು, ಕೆಲಸಕ್ಕೆ ಸೇರಿದವರು, ಆರು ತಿಂಗಳು ಉಳಿದವರು. ಶೇಕಡಾವಾರು ಬರೆಯುವ ಕಾಲಂ ಬೇಡ. ತಲೆ ಎಣಿಕೆ ಮಾತ್ರ ಸಾಕು, ಭಾಗಾಕಾರ ನೀವೇ ಮಾಡಿಕೊಳ್ಳಿ. ಮಧ್ಯದಲ್ಲಿ ಬಿಟ್ಟವರ ಸಂಖ್ಯೆ ಜಾಸ್ತಿ ಇದ್ದರೆ ಗಾಬರಿಯಾಗಬೇಡಿ, ಯಾಕೆ ಬಿಟ್ಟರು ಅಂತ ಕೇಳಿ. ದೆಹಲಿಯ ಬಡ ಬಡಾವಣೆಗಳಲ್ಲಿ ಹೆಂಗಸರಿಗೆ ಹೊಲಿಗೆ ತರಬೇತಿ ಕೊಟ್ಟ ಕಾರ್ಯಕ್ರಮವೊಂದನ್ನು ಅರ್ಥಶಾಸ್ತ್ರಜ್ಞರಾದ ಪುಷ್ಕರ್ ಮೈತ್ರಾ ಮತ್ತು ಸುಭಾ ಮಣಿ ಅಧ್ಯಯನ ಮಾಡಿದ್ದಾರೆ. ತರಬೇತಿಯಿಂದ ಕೆಲಸವೂ ಗಳಿಕೆಯೂ ಹೆಚ್ಚಿತ್ತು. ಆದರೆ ಕೇಂದ್ರ ದೂರ ಇರುವುದು, ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದಿರುವುದು, ಕೈಯಲ್ಲಿ ದುಡ್ಡಿಲ್ಲದಿರುವುದು ಹಲವರನ್ನು ಮಧ್ಯದಲ್ಲೇ ನಿಲ್ಲಿಸಿದ್ದವು. ಇಂಥ ಕಡೆ ಪಾಠ ಸುಧಾರಿಸಿ ಪ್ರಯೋಜನ ಇಲ್ಲ. ಮಗು ಬಿಡಲು ಒಂದು ಜಾಗ, ಬಸ್ಸಿನ ಖರ್ಚು, ಇವಕ್ಕೆ ಹಣ ಕೊಟ್ಟರೆ ಹೆಚ್ಚು ಕೆಲಸವಾದೀತು.

3. ‘ತರಬೇತಿ ಇಲ್ಲದಿದ್ದರೆ ಏನಾಗ್ತಿತ್ತು?’ ಅಂತ ಕೇಳಿ

ಇಡೀ ಬರಹದಲ್ಲಿ ಒಂದೇ ಪ್ರಶ್ನೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಜನ ತರಬೇತಿಗೆ ಬರುವುದು ಯಾವಾಗ? ಕೆಲಸ ಹೋದಾಗ, ಗಳಿಕೆ ಕುಸಿದಾಗ. ಅಂದರೆ ಅವರ ಬದುಕಿನ ಕೆಟ್ಟ ಗಳಿಗೆಯಲ್ಲಿ. ಅಲ್ಲಿಂದ ಒಂದು ವರ್ಷ ಕಳೆದರೆ ಎಷ್ಟೋ ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಓರ್ಲಿ ಆಶೆನ್‌ಫೆಲ್ಟರ್ 1978ರಲ್ಲೇ ಇದನ್ನು ತೋರಿಸಿದ್ದರು. ತರಬೇತಿಗೆ ಸೇರುವ ಸ್ವಲ್ಪ ಮೊದಲು ಅಭ್ಯರ್ಥಿಗಳ ಗಳಿಕೆಯಲ್ಲಿ ಒಂದು ಇಳಿತ ಇರುತ್ತದೆ. ಹಾಗಾಗಿ ‘ಮೊದಲು ಇಷ್ಟಿತ್ತು, ಆಮೇಲೆ ಇಷ್ಟಾಯಿತು’ ಅನ್ನುವ ಹೋಲಿಕೆ ತರಬೇತಿಗೆ ಸಲ್ಲದ ಕೀರ್ತಿಯನ್ನೂ ಕೊಟ್ಟುಬಿಡುತ್ತದೆ.

ಸರಿ, ಹಾಗಾದರೆ ತರಬೇತಿ ಪಡೆಯದ ಬೇರೆ ಯಾರನ್ನಾದರೂ ಪಕ್ಕದಲ್ಲಿಟ್ಟು ಹೋಲಿಸಿದರೆ? ಅದೂ ಸುಲಭ ಅಲ್ಲ. 1986ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಲಲಾಂಡ್ ಒಂದು ಜಾಣ ಪರೀಕ್ಷೆ ಮಾಡಿದರು. ಯಾರಿಗೆ ತರಬೇತಿ, ಯಾರಿಗೆ ಇಲ್ಲ ಅಂತ ಚೀಟಿ ಎತ್ತಿ ಗುಂಪು ಮಾಡಿದ್ದ ಒಂದು ಪ್ರಯೋಗದ ಫಲಿತಾಂಶ ಅವರ ಮುಂದಿತ್ತು. ಅದೇ ಅಭ್ಯರ್ಥಿಗಳನ್ನು ಸಾಮಾನ್ಯ ಸಮೀಕ್ಷೆಗಳಿಂದ ತೆಗೆದ ಜನರ ಜೊತೆ, ಆಗ ಚಾಲ್ತಿಯಲ್ಲಿದ್ದ ವಿಧಾನಗಳಲ್ಲೇ ಹೋಲಿಸಿ ನೋಡಿದರು. ಎಷ್ಟೋ ಉತ್ತರಗಳು ನಿಜವಾದ ಫಲಿತಾಂಶದ ಹತ್ತಿರಕ್ಕೂ ಬರಲಿಲ್ಲ. ತರಬೇತಿಗೆ ತಾವಾಗಿ ಬಂದವರಿಗೂ ಬರದವರಿಗೂ ಕಾಗದದ ಮೇಲೆ ಕಾಣದ ವ್ಯತ್ಯಾಸ ಇರುತ್ತದೆ: ಹುಮ್ಮಸ್ಸು, ಮನೆಯ ಬೆಂಬಲ, ಹಠ.

ಚೀಟಿ ಎತ್ತುವುದರ ಬೆಲೆ ಇಲ್ಲೇ ಇರುವುದು. 100 ಸೀಟಿಗೆ 250 ಅರ್ಜಿ ಬಂದಿವೆ ಅಂದುಕೊಳ್ಳಿ. ಹೇಗೂ 150 ಜನರಿಗೆ ಇಲ್ಲ ಅನ್ನಲೇಬೇಕು. ಶಿಫಾರಸಿನ ಮೇಲೆ ಸೀಟು ಕೊಡುವ ಬದಲು ಎಲ್ಲರೆದುರು ಚೀಟಿ ಎತ್ತಿ. ಸೀಟು ಸಿಕ್ಕವರನ್ನೂ ಸಿಗದವರನ್ನೂ ಒಂದು ವರ್ಷದ ನಂತರ ಹುಡುಕಿ ಮಾತಾಡಿಸಿ. ಕೊಲಂಬಿಯಾ ದೇಶದ ‘ಹೋವೆನೆಸ್ ಎನ್ ಆಕ್ಸಿಯೋನ್’ ಯೋಜನೆಯಲ್ಲಿ 2005ರಲ್ಲಿ ಮಾಡಿದ್ದು ಇದನ್ನೇ. ಮೂರು ತಿಂಗಳು ಪಾಠ, ಮೂರು ತಿಂಗಳು ಕಂಪನಿಯಲ್ಲಿ ಕೆಲಸ ಕಲಿಕೆ. ಸೀಟು ಸಿಕ್ಕ ಹೆಣ್ಣುಮಕ್ಕಳ ಗಳಿಕೆ ಸಿಗದವರಿಗಿಂತ ಸುಮಾರು ಶೇ 20ರಷ್ಟು ಹೆಚ್ಚಾಗಿತ್ತು.

ಚೀಟಿ ಎತ್ತುವುದು ಅನ್ಯಾಯ ಅಂತ ಕೆಲವರು ಹೇಳುತ್ತಾರೆ. ಸೀಟು ಕಡಿಮೆ ಇದ್ದಾಗ ಚೀಟಿಗಿಂತ ನ್ಯಾಯವಾದ ದಾರಿ ನನಗಂತೂ ಕಂಡಿಲ್ಲ. ಸೀಟು ಸಾಕಷ್ಟಿದ್ದೂ ಹೋಲಿಕೆಗೆಂದು ಯಾರನ್ನೋ ಹೊರಗಿಡುವುದು ಮಾತ್ರ ಬೇರೆ ವಿಷಯ. ಅದು ಬೇಡ.

4. ಪುರಾವೆಯನ್ನು ತೂಗಿ ನೋಡಿ

ಅರ್ಜಿ ಹಾಕುವ ಎಲ್ಲರ ಹತ್ತಿರವೂ ‘ಪುರಾವೆ’ ಇರುತ್ತದೆ. ತೂಕ ಮಾತ್ರ ಬೇರೆ ಬೇರೆ. ಗೆದ್ದವರ ಕಥೆ, ಕೃತಜ್ಞತೆಯ ವಿಡಿಯೋ ತೀರಾ ಹಗುರ. ಮೊದಲು-ನಂತರದ ಲೆಕ್ಕ ಅದಕ್ಕಿಂತ ಸ್ವಲ್ಪ ಮೇಲು. ವಯಸ್ಸು, ಓದು, ಹಿಂದಿನ ಗಳಿಕೆ ಎಲ್ಲ ತಾಳೆಯಾಗುವಂತೆ ಆರಿಸಿದ ಹೋಲಿಕೆ ಗುಂಪು ಇದ್ದರೆ ಇನ್ನೂ ಮೇಲು. ಚೀಟಿ ಎತ್ತಿ ಮಾಡಿದ ಗುಂಪುಗಳು, ಅದರಲ್ಲೂ ಒಂದಕ್ಕಿಂತ ಹೆಚ್ಚು ಊರಲ್ಲಿ ಅದೇ ಫಲ ಬಂದಿದ್ದರೆ, ಎಲ್ಲಕ್ಕಿಂತ ಗಟ್ಟಿ.

ಅಧ್ಯಯನದಲ್ಲಿ ಎಷ್ಟು ಜನ ಇದ್ದರು ಅನ್ನುವುದನ್ನೂ ನೋಡಿ. ಎರಡೂ ಕಡೆ ಐವತ್ತೈವತ್ತು ಜನ ಇಟ್ಟುಕೊಂಡು ‘ನಮ್ಮಿಂದ ಕೆಲಸ ಸಿಕ್ಕವರ ಪ್ರಮಾಣ ಐದು ಅಂಶ (ನೂರಕ್ಕೆ ಐದು ಜನ) ಹೆಚ್ಚಾಯಿತು’ ಅಂದರೆ ನಂಬಬೇಡಿ. ಅದು ಅದೃಷ್ಟವೂ ಆಗಿರಬಹುದು. ಅರ್ಧದಷ್ಟು ಜನರಿಗೆ ಹೇಗಿದ್ದರೂ ಕೆಲಸ ಸಿಗುವ ಕಡೆ, 10 ಅಂಶಗಳ ವ್ಯತ್ಯಾಸವನ್ನು ನೆಚ್ಚಿಕೊಳ್ಳುವ ಹಾಗೆ ಗುರುತಿಸಲು ಪ್ರತಿ ಗುಂಪಿನಲ್ಲಿ ಸುಮಾರು 400 ಜನ ಬೇಕು. 5 ಅಂಶ ಗುರುತಿಸಲು 1,500ಕ್ಕೂ ಹೆಚ್ಚು. ಸಣ್ಣ ಸಂಸ್ಥೆಗಳಿಂದ ಇದನ್ನು ಕೇಳುವುದು ದಡ್ಡತನ. ಅವರಿಗೆ ಏನು ಮಾಡಬೇಕು ಅಂತ ಕೆಳಗೆ ಹೇಳಿದ್ದೇನೆ.

5. ಈಗಾಗಲೇ ಗೊತ್ತಿರುವುದನ್ನು ಓದಿಕೊಳ್ಳಿ

ಮೊದಲು ಕಹಿ ಸುದ್ದಿ. ಅಭಿವೃದ್ಧಿಶೀಲ ದೇಶಗಳಲ್ಲಿ ನಡೆದ ಪ್ರಯೋಗಗಳನ್ನೆಲ್ಲ ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಝಿ 2017ರಲ್ಲಿ ಒಟ್ಟಿಗಿಟ್ಟು ನೋಡಿದರು. ವೃತ್ತಿ ತರಬೇತಿಯಿಂದ ಕೆಲಸದಲ್ಲಿರುವವರ ಪ್ರಮಾಣ ಸರಾಸರಿ ಎರಡು ಅಂಶಕ್ಕಿಂತ ಸ್ವಲ್ಪ ಮೇಲೆ ಏರಿತ್ತು. ಅಂದರೆ ನೂರು ಜನರಿಗೆ ತರಬೇತಿ ಕೊಟ್ಟರೆ, ಅದಿಲ್ಲದೆ ಕೆಲಸ ಸಿಗುತ್ತಿರಲಿಲ್ಲ ಅನ್ನುವಂಥವರು ಮೂರು ಜನಕ್ಕಿಂತ ಕಡಿಮೆ. ಟರ್ಕಿಯ ಸರ್ಕಾರಿ ಉದ್ಯೋಗ ಸಂಸ್ಥೆ ಇಶ್‌ಕುರ್‌ನ ತರಬೇತಿಗಳಲ್ಲಿ ಸುಮಾರು 5,900 ಅರ್ಜಿದಾರರನ್ನು ಚೀಟಿ ಎತ್ತಿ ಗುಂಪು ಮಾಡಿ ನೋಡಿದಾಗಲೂ ಸರಾಸರಿ ಪರಿಣಾಮ ತೀರಾ ಸಣ್ಣದಿತ್ತು. ಅಧಿಕಾರಿಗಳೂ ಅಭ್ಯರ್ಥಿಗಳೂ ನಿರೀಕ್ಷಿಸಿದ್ದು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಅಮೆರಿಕ ಸರ್ಕಾರ ಬಡವರಿಗಾಗಿ ನಡೆಸುತ್ತಿದ್ದ ಜೆಟಿಪಿಎ ಎಂಬ ಉದ್ಯೋಗ ತರಬೇತಿ ಕಾರ್ಯಕ್ರಮದ ಕಥೆಯೂ ಹೀಗೇ. 16 ಕಡೆ ಸುಮಾರು 20,000 ಅರ್ಜಿದಾರರನ್ನು ಚೀಟಿ ಎತ್ತಿ ಬೇರ್ಪಡಿಸಿ ನೋಡಿದರು. ವಯಸ್ಕರಿಗೆ, ಅದರಲ್ಲೂ ಹೆಂಗಸರಿಗೆ, ಸ್ವಲ್ಪ ಲಾಭ ಆಗಿತ್ತು. ಶಾಲೆ ಬಿಟ್ಟ ಯುವಕರಿಗೆ ಏನೂ ಆಗಿರಲಿಲ್ಲ. ಹೋಲಿಕೆ ಗುಂಪೇ ಇಲ್ಲದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ವರ್ಷಾನುಗಟ್ಟಲೆ ಹಣ ಹೋಗುತ್ತಲೇ ಇರುತ್ತಿತ್ತು.

ಈಗ ಒಳ್ಳೆ ಸುದ್ದಿ. ಒಂದು ಬಗೆಯ ಕಾರ್ಯಕ್ರಮ ಮತ್ತೆ ಮತ್ತೆ ಗೆದ್ದಿದೆ. ಆರೋಗ್ಯ, ಐಟಿ, ತಯಾರಿಕೆ ಥರದ ಒಂದು ಕ್ಷೇತ್ರ ಹಿಡಿದು, ಅಲ್ಲಿನ ಕಂಪನಿಗಳ ಜೊತೆ ಕೂತು, ಅವರಿಗೆ ಬೇಕಾದ ಕೆಲಸಕ್ಕೇ ತಯಾರು ಮಾಡುವುದು. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಇಂಥ ಮೂರು ಸಂಸ್ಥೆಗಳ ಅಭ್ಯರ್ಥಿಗಳು ಎರಡು ವರ್ಷದಲ್ಲಿ ಹೋಲಿಕೆ ಗುಂಪಿಗಿಂತ ಸುಮಾರು 4,500 ಡಾಲರ್, ಅಂದರೆ ಶೇ 18ರಷ್ಟು, ಹೆಚ್ಚು ಗಳಿಸಿದ್ದರು. ಲಾರೆನ್ಸ್ ಕ್ಯಾಟ್ಜ್ ಮತ್ತು ಜೊತೆಗಾರರು 2022ರಲ್ಲಿ ಇಂಥ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ತರಬೇತಿಯ ಮುಂದಿನ ವರ್ಷ ಗಳಿಕೆ ಶೇ 14ರಿಂದ 39ರಷ್ಟು ಏರಿರುವುದು ಕಂಡಿತು. ಕೆಲಸ ಸಿಗುವವರ ಸಂಖ್ಯೆ ಹೆಚ್ಚಿದ್ದಕ್ಕಿಂತ, ಹೆಚ್ಚು ಸಂಬಳದ ಕೆಲಸ ಸಿಕ್ಕಿದ್ದು ಇದಕ್ಕೆ ಮುಖ್ಯ ಕಾರಣ.

ಈ ಗೆದ್ದ ಕಾರ್ಯಕ್ರಮಗಳಲ್ಲಿ ಏನಿತ್ತು ಅಂತ ನೋಡಿದರೆ ಕೆಲವು ಅಂಶ ಎದ್ದು ಕಾಣುತ್ತವೆ. ಸೇರಿಸಿಕೊಳ್ಳುವ ಮೊದಲೇ ಓದು-ಲೆಕ್ಕ ಬರುತ್ತದಾ, ಆಸಕ್ತಿ ಇದೆಯಾ ಅಂತ ನೋಡುತ್ತಿದ್ದರು. ಕಂಪನಿಗಳು ಮಾನ್ಯ ಮಾಡುವ ಸರ್ಟಿಫಿಕೇಟ್ ಕೊಡುತ್ತಿದ್ದರು. ಮಾತು-ನಡತೆ ಕಲಿಸುತ್ತಿದ್ದರು. ತೊಂದರೆ ಬಂದಾಗ ಕೈ ಹಿಡಿಯುವವರು ಇದ್ದರು. ಕಂಪನಿಗಳ ಜೊತೆ ನಂಟು ಗಟ್ಟಿಯಾಗಿತ್ತು. ಆದರೆ ಮೊದಲ ಅಂಶವನ್ನು ಮರೆಯಬೇಡಿ. ಆಯ್ದು ಸೇರಿಸಿಕೊಂಡವರ ಮೇಲೆ ಬಂದ ಫಲ ಅದು. ಅಕ್ಷರ ಬಾರದವರಿಗೆ, ವರ್ಷಗಟ್ಟಲೆ ಕೆಲಸ ಕಾಣದವರಿಗೆ ಅದೇ ಫಲ ಬರುತ್ತದೆ ಅಂತ ಇದರಿಂದ ಹೇಳಲು ಬರುವುದಿಲ್ಲ.

ಮಾದರಿಯನ್ನು ನಕಲು ಮಾಡಿದರೆ ಸಾಕು ಅಂತಲೂ ತಿಳಿಯಬೇಡಿ. ‘ವರ್ಕ್‌ಅಡ್ವಾನ್ಸ್’ ಅನ್ನುವ ಒಂದೇ ಮಾದರಿಯನ್ನು ಅಮೆರಿಕದಲ್ಲಿ ನಾಲ್ಕು ಸಂಸ್ಥೆಗಳು ನಡೆಸಿದವು. ಫಲ ಒಂದೇ ಬರಲಿಲ್ಲ. ನ್ಯೂಯಾರ್ಕಿನಲ್ಲಿ ಐಟಿ ತರಬೇತಿ ಕೊಡುವ ಪರ್ ಸ್ಕೋಲಾಸ್ ಎಲ್ಲರಿಗಿಂತ ಮುಂದಿತ್ತು, ಆ ಕ್ಷೇತ್ರದಲ್ಲಿ ಅದಕ್ಕೆ ಹಳೆಯ ಅನುಭವ ಇತ್ತು. ಹಣ ಕೊಡುವಾಗ ಮಾದರಿಯ ಹೆಸರಿಗಿಂತ ನಡೆಸುವವರ ಕೈಗುಣ ನೋಡಿ.

ಉಗಾಂಡದಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ಹೇಳಬೇಕು. ಕೆಲವು ಯುವಕರಿಗೆ ವೃತ್ತಿ ಶಾಲೆಯಲ್ಲಿ ತರಬೇತಿ, ಕೆಲವರಿಗೆ ನೇರವಾಗಿ ಅಂಗಡಿ-ಕಾರ್ಖಾನೆಯಲ್ಲಿ. ಶುರುವಿನಲ್ಲಿ ಎರಡೂ ಚೆನ್ನಾಗಿಯೇ ಇದ್ದವು. ಕಾರ್ಖಾನೆಯಲ್ಲಿ ಕಲಿತವರ ಲಾಭ ಬರಬರುತ್ತಾ ಕರಗಿತು. ಶಾಲೆಯಲ್ಲಿ ಕಲಿತವರದ್ದು ಉಳಿಯಿತು, ಯಾಕಂದ್ರೆ ಇದ್ದ ಕೆಲಸ ಹೋದರೂ ಇನ್ನೊಂದು ಕಡೆ ತೋರಿಸಲು ಅವರ ಕೈಯಲ್ಲಿ ಸರ್ಟಿಫಿಕೇಟ್ ಇತ್ತು.

6. ಯಾವಾಗ ಅಳೆಯಬೇಕು? ಅವಸರ ಬೇಡ

ಡೇವಿಡ್ ಕಾರ್ಡ್, ಯೋಹೆನ್ ಕ್ಲೂವೆ, ಆಂಡ್ರಿಯಾ ವೆಬರ್ ಮೂವರೂ ಸೇರಿ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ ಕಂಡುಕೊಂಡಿದ್ದು: ತರಬೇತಿಯ ಪರಿಣಾಮ ಮೊದಲ ವರ್ಷದಲ್ಲಿ ಬಹಳ ಸಣ್ಣದು, ಎರಡು-ಮೂರು ವರ್ಷದ ನಂತರ ದೊಡ್ಡದಾಗುತ್ತದೆ. ಪಾಠದಲ್ಲಿ ಕೂತವರು ಆ ಹೊತ್ತಿನಲ್ಲಿ ದುಡಿಯುತ್ತಿರುವುದಿಲ್ಲ, ಅಲ್ವಾ? ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದ ‘ಪ್ರಾಜೆಕ್ಟ್ ಕ್ವೆಸ್ಟ್’ ಆರೋಗ್ಯ ಕ್ಷೇತ್ರದ ಕೆಲಸಗಳಿಗೆ ಜನರನ್ನು ತಯಾರು ಮಾಡುತ್ತದೆ. ಅಲ್ಲಿ ಸೇರಿದವರು ಶುರುವಿನಲ್ಲಿ ಹೋಲಿಕೆ ಗುಂಪಿಗಿಂತ ಮುಂದೇನೂ ಇರಲಿಲ್ಲ. ಆರನೇ ವರ್ಷದ ಹೊತ್ತಿಗೆ ವರ್ಷಕ್ಕೆ ಸುಮಾರು 5,000 ಡಾಲರ್ ಹೆಚ್ಚು ಗಳಿಸುತ್ತಿದ್ದರು. ಹಣ ಕೊಟ್ಟವರು ಮೊದಲ ವರ್ಷವೇ ‘ಇದರಿಂದ ಏನೂ ಆಗ್ತಿಲ್ಲ’ ಅಂತ ಕೈಬಿಟ್ಟಿದ್ದರೆ?

ಇದರ ಉಲ್ಟಾ ಕೂಡ ನಡೆದಿದೆ. 1964ರಲ್ಲಿ ಶುರುವಾದ ಅಮೆರಿಕದ ‘ಜಾಬ್ ಕೋರ್’ ವಸತಿ ತರಬೇತಿಯಲ್ಲಿ ಮೂರು-ನಾಲ್ಕನೇ ವರ್ಷ ಗಳಿಕೆ ಏರಿತ್ತು. ಆಮೇಲೆ ಆ ಲಾಭ ಹೆಚ್ಚಿನವರಲ್ಲಿ ಮಾಯವಾಯಿತು. ಸೇರುವಾಗ 20ರಿಂದ 24 ವಯಸ್ಸಿನಲ್ಲಿದ್ದವರಲ್ಲಿ ಮಾತ್ರ ಉಳಿಯಿತು.

ಹಾಗಾಗಿ ಅನುದಾನ ಪತ್ರದಲ್ಲೇ ಎರಡು ಅಳತೆ ದಿನಾಂಕ ಹಾಕಿ. ಒಂದು ಆರು ತಿಂಗಳಿಗೆ, ಇದು ಕೆಲಸ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಲು. ಇನ್ನೊಂದು ಎರಡು ಅಥವಾ ಮೂರು ವರ್ಷಕ್ಕೆ, ಇದು ನಿರ್ಧಾರ ಮಾಡಲು. ಎರಡನೆಯದಕ್ಕೆ ಬೇಕಾದ ಹಣವನ್ನು ಈಗಲೇ ಎತ್ತಿಡಿ. ಆಮೇಲೆ ನೋಡೋಣ ಅಂದರೆ ಅದು ಆಗುವುದಿಲ್ಲ.

7. ‘ಒಂದು ಹೆಚ್ಚುವರಿ ಕೆಲಸಕ್ಕೆ ಎಷ್ಟಾಯಿತು?’ ಲೆಕ್ಕ ಹಾಕಿ

ತಲಾ ಖರ್ಚು ಕಡಿಮೆ ಇರುವ ಕಾರ್ಯಕ್ರಮದ ಕಡೆ ಸಮಿತಿಗಳು ಬೇಗ ವಾಲುತ್ತವೆ. ಒಂದು ಉದಾಹರಣೆ ನೋಡಿ. ‘ಅ’ ಕಾರ್ಯಕ್ರಮದಲ್ಲಿ ತಲಾ ಖರ್ಚು 1 ಪಾಲು, ‘ಆ’ ಕಾರ್ಯಕ್ರಮದಲ್ಲಿ 3 ಪಾಲು. ಎರಡರಲ್ಲೂ 100 ಜನ. ‘ಅ’ದಲ್ಲಿ ಒಂದು ವರ್ಷದ ನಂತರ 75 ಜನ ಕೆಲಸದಲ್ಲಿದ್ದಾರೆ, ಅದರ ಹೋಲಿಕೆ ಗುಂಪಿನಲ್ಲಿ 70. ‘ಆ’ದಲ್ಲಿ 50 ಜನ, ಹೋಲಿಕೆ ಗುಂಪಿನಲ್ಲಿ 30.

ಹಳೆಯ ಲೆಕ್ಕದಲ್ಲಿ ‘ಅ’ ಗೆದ್ದಂತೆಯೇ. ಅಗ್ಗವೂ ಹೌದು, ಶೇ 75 ಪ್ಲೇಸ್‌ಮೆಂಟೂ ಇದೆ. ಆದರೆ ‘ಅ’ದಿಂದ ಹೆಚ್ಚುವರಿಯಾಗಿ ಬಂದ ಕೆಲಸ ಐದೇ. 100 ಪಾಲು ಖರ್ಚನ್ನು ಐದರಿಂದ ಭಾಗಿಸಿದರೆ ಒಂದಕ್ಕೆ 20 ಪಾಲು. ‘ಆ’ದಿಂದ ಬಂದಿದ್ದು 20, ಖರ್ಚು 300, ಒಂದಕ್ಕೆ 15 ಪಾಲು. ದುಬಾರಿ ಅಂದುಕೊಂಡಿದ್ದೇ ಅಗ್ಗ. ಅದೂ ಅಲ್ಲದೆ ‘ಆ’ ಕೈಹಿಡಿದಿದ್ದು ಹೆಚ್ಚು ಕಷ್ಟದಲ್ಲಿದ್ದವರನ್ನು.

ಖರ್ಚಿನಲ್ಲಿ ಇನ್ಯಾರಾದರೂ ಪಾಲು ಹಾಕುತ್ತಾರಾ ಅಂತಲೂ ಕೇಳಿ. ಯುವಕರಿಗೆ ಪಾಠದ ಜೊತೆ ಕಂಪನಿಯಲ್ಲಿ ಇಂಟರ್ನ್‌ಶಿಪ್ ಕೊಡಿಸುವ ಅಮೆರಿಕದ ‘ಇಯರ್ ಅಪ್’ ಕಾರ್ಯಕ್ರಮಕ್ಕೆ ತಲಾ 28,000 ಡಾಲರಿಗೂ ಹೆಚ್ಚು ಬೀಳುತ್ತದೆ ಅಂತ ಅದರ ಮೌಲ್ಯಮಾಪನ ಹೇಳಿತ್ತು. ಕೇಳಿದರೆ ತಲೆ ತಿರುಗುತ್ತದೆ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭರಿಸಿದ್ದು ಇಂಟರ್ನ್‌ಗಳನ್ನು ತೆಗೆದುಕೊಂಡ ಕಂಪನಿಗಳೇ. ಕಂಪನಿ ಸ್ವಂತ ಜೇಬಿನಿಂದ ಕೊಡುತ್ತಿದೆ ಅಂದರೆ ಅಲ್ಲಿ ಕಲಿಸುತ್ತಿರುವುದಕ್ಕೆ ಬೆಲೆ ಇದೆ ಅಂತಲೇ ಅರ್ಥ.

ಲೆಕ್ಕದಲ್ಲಿ ಕಾಣದ ಇನ್ನೊಂದು ಬಾಬ್ತು ಇದೆ. ನಿಮ್ಮ ಅಭ್ಯರ್ಥಿಗೆ ಸಿಕ್ಕ ಕೆಲಸ ಪಕ್ಕದವನ ಕೈತಪ್ಪಿದ್ದಾಗಿರಬಹುದು. ಫ್ರಾನ್ಸಿನಲ್ಲಿ, ವಿದ್ಯಾವಂತ ಯುವಕರಿಗೆ ಕೆಲಸ ಹುಡುಕಲು ನೆರವಾಗುವ ಯೋಜನೆಯೊಂದನ್ನು ಬ್ರುನೊ ಕ್ರೆಪಾನ್, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು 235 ಪ್ರದೇಶಗಳಲ್ಲಿ ಪರೀಕ್ಷಿಸಿದರು. ನೆರವು ಪಡೆದವರ ಲಾಭದಲ್ಲಿ ಒಂದು ಪಾಲು ನೆರವು ಸಿಗದವರ ನಷ್ಟದಿಂದ ಬಂದಿತ್ತು, ಆ ಲಾಭವೂ ತಾತ್ಕಾಲಿಕವಾಗಿತ್ತು. ಕೆಲಸಗಳೇ ಕಡಿಮೆ ಇರುವ ಕಡೆ ಈ ಅಪಾಯ ಜಾಸ್ತಿ. ಜನ ಸಿಗದೆ ಖಾಲಿ ಬಿದ್ದಿರುವ ಹುದ್ದೆಗಳಿಗೆ ತರಬೇತಿ ಕೊಟ್ಟರೆ ಕಡಿಮೆ.

8. ಹಣವನ್ನು ಕಂತಿಗೆ ಕಟ್ಟಿ, ಆದರೆ ಎಚ್ಚರದಿಂದ

ಫಲ ಬಂದಮೇಲೆ ಹಣ ಅನ್ನುವ ಒಪ್ಪಂದ ಕೇಳಲು ಚೆನ್ನ. ನೇಪಾಳದಲ್ಲಿ 2008ರಲ್ಲಿ ಶುರುವಾದ ‘ಎಂಪ್ಲಾಯ್‌ಮೆಂಟ್ ಫಂಡ್’ ತರಬೇತಿ ಸಂಸ್ಥೆಗಳಿಗೆ ಕಂತಿನಲ್ಲಿ ಹಣ ಕೊಡುತ್ತಿತ್ತು. ಅಭ್ಯರ್ಥಿಗಳಿಗೆ ನಿಜವಾಗಿ ಗಳಿಕೆ ಬರುತ್ತಿದೆ ಅಂತ ಪರಿಶೀಲಿಸಿದ ಮೇಲೆಯೇ ಉಳಿದ ಹಣ. ಅದರ ಜಾಣತನ ಇದ್ದದ್ದು ಇನ್ನೊಂದು ಕಡೆ: ಹಿಂದುಳಿದ ಗುಂಪುಗಳವರಿಗೆ ಕೆಲಸ ಕೊಡಿಸಿದರೆ ಸಂಸ್ಥೆಗೆ ಹೆಚ್ಚು ಹಣ.

ಈ ಎರಡನೇ ಅಂಶ ಇಲ್ಲದಿದ್ದರೆ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಸಂಸ್ಥೆಯವರು ಸಂದರ್ಶನ ಮಾಡಿ, ಹೇಗಿದ್ದರೂ ಕೆಲಸ ಸಿಗುವಂಥ ಚುರುಕಿನವರನ್ನೇ ಸೇರಿಸಿಕೊಳ್ಳುತ್ತಾರೆ. ಪ್ಲೇಸ್‌ಮೆಂಟ್ ಏರುತ್ತದೆ, ಹೆಚ್ಚುವರಿ ಕೆಲಸ ಇಳಿಯುತ್ತದೆ. ಜೇಮ್ಸ್ ಹೆಕ್‌ಮನ್ ಮತ್ತು ಜೊತೆಗಾರರು ಜೆಟಿಪಿಎ ಅಂಕಿಅಂಶ ನೋಡಿ ಕಂಡುಕೊಂಡಿದ್ದು ಏನಂದರೆ, ತರಬೇತಿ ಮುಗಿದ ಕೂಡಲೇ ತೆಗೆದ ಅಳತೆಗಳಿಗೂ ನಿಜವಾದ ದೀರ್ಘಕಾಲದ ಲಾಭಕ್ಕೂ ನಂಟೇ ಇಲ್ಲ ಅನ್ನುವಷ್ಟು ಕಡಿಮೆ.

ಹಾಗಾಗಿ ಕಂತು ಹೀಗೆ ಕಟ್ಟಬಹುದು. ದೊಡ್ಡ ಪಾಲು ನಡೆಸುವ ಖರ್ಚಿಗೆ, ಮುಂಗಡವಾಗಿಯೇ. ಸಣ್ಣ ಸಂಸ್ಥೆಗೆ ಬಾಡಿಗೆ, ಮಾಸ್ತರರ ಸಂಬಳ ಕಟ್ಟಲು ಹಣ ಇಲ್ಲದಿದ್ದರೆ ಫಲ ಎಲ್ಲಿಂದ ಬಂದೀತು? ಒಂದು ಪಾಲು ಆರು ತಿಂಗಳು ಕೆಲಸದಲ್ಲಿ ಉಳಿದವರ ಲೆಕ್ಕಕ್ಕೆ, ಹೆಚ್ಚು ಕಷ್ಟದಲ್ಲಿದ್ದವರಿಗೆ ಹೆಚ್ಚು ದರ. ಯಾರು ‘ಹೆಚ್ಚು ಕಷ್ಟದಲ್ಲಿದ್ದವರು’ ಅನ್ನುವುದನ್ನು ಸೇರುವ ದಿನವೇ ದಾಖಲಿಸಿ, ಆಮೇಲೆ ಅಲ್ಲ. ಫಲಕ್ಕೆ ಕಟ್ಟುವ ಪಾಲು ಅರ್ಧಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಏರಿದರೆ ದುಡ್ಡಿನ ಬಲ ಇರುವ ದೊಡ್ಡ ಸಂಸ್ಥೆಗಳಷ್ಟೇ ಉಳಿಯುತ್ತವೆ.

9. ಫೋನ್ ಮಾಡುವವರು ಯಾರು?

ಇಷ್ಟೆಲ್ಲ ಮಾಡಿ, ಕೊನೆಗೆ ಅಭ್ಯರ್ಥಿಗೆ ಫೋನ್ ಮಾಡುವ ಕೆಲಸವನ್ನು ತರಬೇತಿ ಸಂಸ್ಥೆಯ ಸಿಬ್ಬಂದಿಗೇ ಬಿಟ್ಟರೆ ಮುಗಿಯಿತು. ‘ಕೆಲಸ ಸಿಕ್ತಲ್ವಾ?’ ಅಂತ ಕಲಿಸಿದ ಮಾಸ್ತರರೇ ಕೇಳಿದರೆ ಯಾರು ತಾನೇ ಇಲ್ಲ ಅಂದಾರು? ಪರಿಚಯ ಇಲ್ಲದ ಮೂರನೆಯವರು ಕೇಳಬೇಕು, ಪ್ರಶ್ನೆಗಳೂ ಬೇರೆ ಥರ ಇರಬೇಕು.

‘ಹೋದ ವಾರ ಎಷ್ಟು ದಿನ ಕೆಲಸಕ್ಕೆ ಹೋಗಿದ್ರಿ?’ ‘ಹೋದ ತಿಂಗಳು ಕೈಗೆ ಬಂದಿದ್ದು ಎಷ್ಟು?’ ‘ಈ ಕೆಲಸ ಸಿಕ್ಕಿದ್ದು ಯಾರ ಮೂಲಕ?’ ‘ಇಲ್ಲಿ ಕಲಿತಿದ್ದು ಈ ಕೆಲಸಕ್ಕೆ ಬೇಕಾಗ್ತಿದೆಯಾ?’ ಇಂಥ ನಾಲ್ಕೈದು ಪ್ರಶ್ನೆ ಸಾಕು. ಹೋದ ವಾರ ಅಂತ ಕೇಳಿದಾಗ ಬರುವ ಉತ್ತರ ‘ಸಾಮಾನ್ಯವಾಗಿ’ ಅಂತ ಕೇಳಿದಾಗ ಬರುವುದಕ್ಕಿಂತ ನಂಬಿಕೆಗೆ ಹೆಚ್ಚು ಹತ್ತಿರ ಇರುತ್ತದೆ. ಕೆಲಸ ಇಲ್ಲ ಅಂದವರಿಗೂ ಅಷ್ಟೇ ಗೌರವದಿಂದ, ಅಷ್ಟೇ ಹೊತ್ತು ಮಾತಾಡಿ. ಕಾರ್ಯಕ್ರಮ ಸುಧಾರಿಸಲು ಬೇಕಾದ ವಿಷಯ ಹೆಚ್ಚಾಗಿ ಸಿಗುವುದು ಅವರಿಂದಲೇ.

ನಂಬರ್ ಬದಲಾಗಿ ಜನ ಕೈಗೆ ಸಿಗದಿರುವುದು ಎಲ್ಲ ಕಡೆ ಇರುವ ತೊಂದರೆ. ಸೇರುವ ದಿನವೇ ಬೇರೆ ಬೇರೆ ಮನೆಗಳ ಇಬ್ಬರು-ಮೂವರ ನಂಬರ್ ಬರೆಸಿಕೊಳ್ಳಿ. ಯಾತಕ್ಕೆ ಅಂತ ಹೇಳಿ, ಒಪ್ಪಿಗೆ ಪಡೆದೇ ಬರೆಸಿಕೊಳ್ಳಿ. ಭವಿಷ್ಯನಿಧಿಯಂಥ ಸರ್ಕಾರಿ ದಾಖಲೆಗಳ ಜೊತೆ ತಾಳೆ ನೋಡುವ ದಾರಿ ಇದ್ದರೆ ಅದು ಇನ್ನೂ ಅಗ್ಗ. ಆದರೆ ಲೆಕ್ಕಕ್ಕೆ ಸಿಗದ ಕೂಲಿ, ಸ್ವಂತ ಉದ್ಯೋಗ ಅದರಲ್ಲಿ ಕಾಣುವುದಿಲ್ಲ.

10. ಪುರಾವೆ ಇಲ್ಲದ ಹೊಸ ಸಂಸ್ಥೆ ಬಂದರೆ?

ಗಟ್ಟಿ ಪುರಾವೆ ಇದ್ದವರಿಗೆ ಮಾತ್ರ ಹಣ ಅಂದರೆ ಹೊಸಬರಿಗೆ ಬಾಗಿಲು ಹಾಕಿದಂತೆ. ಅದು ಸರಿಯಲ್ಲ. ಹಣವನ್ನೇ ಮೂರು ಭಾಗ ಮಾಡಿ. ಹೊಸ ಯೋಚನೆಗಳಿಗೆ ಸಣ್ಣ ಮೊತ್ತ. ಒಂದಿಷ್ಟು ಭರವಸೆ ತೋರಿಸಿದವರಿಗೆ ನಡು ಮೊತ್ತ, ಜೊತೆಗೆ ಅಳತೆಗೆ ಬೇರೆ ಹಣ. ಹೋಲಿಕೆ ಗುಂಪಿನ ಪರೀಕ್ಷೆಯಲ್ಲಿ ಗೆದ್ದವರಿಗೆ ದೊಡ್ಡ ಮೊತ್ತ.

ಸಣ್ಣ ಸಂಸ್ಥೆಯಿಂದ ಸ್ವಂತ ಪ್ರಯೋಗ ಕೇಳಬೇಡಿ. ಇಷ್ಟು ಕೇಳಿ ಸಾಕು: ನೀವು ಮಾಡುತ್ತಿರುವುದು ಬೇರೆಲ್ಲಾದರೂ ಗೆದ್ದಿದೆಯಾ, ಅಲ್ಲಿನ ಮುಖ್ಯ ಅಂಶಗಳಲ್ಲಿ ಯಾವುದನ್ನು ಉಳಿಸಿಕೊಂಡಿದ್ದೀರಿ, ಯಾವುದನ್ನು ಬಿಟ್ಟಿದ್ದೀರಿ, ಯಾಕೆ? ಎರಡು-ಮೂರು ಕಂಪನಿಗಳ ಹೆಸರು ಕೊಡಿ, ನಾವೇ ಮಾತಾಡುತ್ತೇವೆ. ಕಂಪನಿಯವರ ಹತ್ತಿರ ಮಾತಾಡುವಾಗ ‘ಚೆನ್ನಾಗಿದ್ದಾರಾ?’ ಅಂತ ಕೇಳಬೇಡಿ. ‘ಕಳೆದ ಬ್ಯಾಚಿನಿಂದ ಎಷ್ಟು ಜನರನ್ನು ತಗೊಂಡ್ರಿ, ಈಗ ಎಷ್ಟು ಜನ ಇದ್ದಾರೆ, ಮುಂದಿನ ಬ್ಯಾಚಿನಿಂದ ತಗೋತೀರಾ?’ ಅಂತ ಕೇಳಿ. ಸಣ್ಣ ಸಂಸ್ಥೆಗಳು ನಾಲ್ಕೈದು ಒಂದೇ ಕೆಲಸ ಮಾಡುತ್ತಿದ್ದರೆ ಎಲ್ಲರನ್ನೂ ಸೇರಿಸಿ ಒಂದೇ ಅಧ್ಯಯನ ಮಾಡಿಸಬಹುದು. ಆಗ ಜನರ ಸಂಖ್ಯೆ ಸಾಕಾಗುತ್ತದೆ, ಖರ್ಚೂ ಹಂಚಿಹೋಗುತ್ತದೆ.

11. ನಿಲ್ಲಿಸುವ ಮಾತನ್ನು ಶುರುವಿನಲ್ಲೇ ಆಡಿ

ಎರಡು-ಮೂರು ವರ್ಷದ ಅಳತೆ ಬಂದು ಫಲ ಇಲ್ಲ ಅಂತ ಗೊತ್ತಾದಾಗ ಏನು ಮಾಡುತ್ತೀರಿ? ಆ ಹೊತ್ತಿಗೆ ಸಂಸ್ಥೆಯವರು ಸ್ನೇಹಿತರಾಗಿರುತ್ತಾರೆ, ಉದ್ಘಾಟನೆಗೆ ನೀವೇ ಹೋಗಿರುತ್ತೀರಿ. ಆಗ ಬೇಡ ಅನ್ನುವುದು ಬಹಳ ಕಷ್ಟ. ಅದಕ್ಕೇ ಮೊದಲ ಅನುದಾನ ಪತ್ರದಲ್ಲೇ ಮೂರು ಸಾಲು ಬರೆಯಿರಿ. ಇಷ್ಟು ಫಲ ಬಂದರೆ ಹೆಚ್ಚಿಸುತ್ತೇವೆ. ಇಷ್ಟು ಬಂದರೆ ಬದಲಾವಣೆ ಮಾಡಿ ಇನ್ನೊಂದು ಬ್ಯಾಚ್ ನೋಡುತ್ತೇವೆ. ಅದಕ್ಕಿಂತ ಕಡಿಮೆಯಾದರೆ, ಒಳಗಿರುವ ಅಭ್ಯರ್ಥಿಗಳು ಮುಗಿಸುವವರೆಗೆ ನಡೆಸಿ ನಿಲ್ಲಿಸುತ್ತೇವೆ.

ನಿಲ್ಲಿಸುವ ಮೊದಲು ಒಂದು ತಪಾಸಣೆ ಮಾಡಿ. ಅಂದುಕೊಂಡ ಹಾಗೆ ತರಬೇತಿ ನಡೆದಿತ್ತಾ? ಅರ್ಧ ಪಾಠಗಳೇ ಆಗಿಲ್ಲದಿದ್ದರೆ, ಕಂಪನಿ ಕೊನೇ ಗಳಿಗೆಯಲ್ಲಿ ಹಿಂದೆ ಸರಿದಿದ್ದರೆ, ಸೋತಿದ್ದು ಯೋಚನೆಯಲ್ಲ, ನಡೆಸಿದ ರೀತಿ. ಅದಕ್ಕೆ ಇನ್ನೊಂದು ಅವಕಾಶ ಕೊಡಬಹುದು. ಎಲ್ಲ ಸರಿಯಾಗಿ ನಡೆದೂ ಹೋಲಿಕೆ ಗುಂಪಿಗಿಂತ ಮುಂದೆ ಬರಲಿಲ್ಲ ಅಂದರೆ ಆ ಹಣವನ್ನು ಬೇರೆ ಕಡೆ ಹಾಕಿ. ಫಲಿತಾಂಶವನ್ನು, ಸೋತದ್ದನ್ನೂ ಸೇರಿಸಿ, ಪ್ರಕಟಿಸುವ ಹಕ್ಕು ನಿಮಗಿರಲಿ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಅದೇ ಕಾರ್ಯಕ್ರಮ ಹೊಸ ಮುಖಪುಟ ಹಾಕಿಕೊಂಡು ಮುಂದಿನ ವರ್ಷ ಇನ್ನೊಂದು ಸಮಿತಿಯ ಮುಂದೆ ಅರ್ಜಿ ಹಾಕುತ್ತದೆ.